ಶ್ರುತಿಪೆಟ್ಟಿಗೆಯ ಹೊಸ ಆವೃತ್ತಿ: ಕಲಾವಿದರ ದೂರು, ತಯಾರಕರ ತಿದ್ದುಪಡಿ

ಎಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆ, ಕೀಬೋರ್ಡ್, ರಿದಂ ಪ್ಯಾಡ್ ಇವೆಲ್ಲ ಕೈಗೆ ಸಿಗುವ ಯಂತ್ರಭಾಗ ಮತ್ತು ಕಣ್ಣಿಗೆ ಕಾಣದ ತಂತ್ರಾಂಶ ಸೇರಿ ಆದ ವಾದ್ಯಗಳು. ಗುಂಡಿ, ತಿರುಗಣೆ, ಸ್ಪೀಕರ್, ಬ್ಯಾಟರಿ ಯಂತ್ರಭಾಗಕ್ಕೆ ಸೇರುತ್ತವೆ. ಯಾವ ಗುಂಡಿಗೆ ಯಾವ ಸ್ವರ ಹೊರಡಬೇಕು, ಅದು ಎಷ್ಟು ಹೊತ್ತು ನಿಲ್ಲಬೇಕು, ಮುಂದಿನ ಮೀಟು ಯಾವಾಗ ಬೀಳಬೇಕು ಎಂಬುದನ್ನು ಒಳಗಿನ ಚಿಪ್ಪಿನಲ್ಲಿ ಬರೆದಿಟ್ಟ ತಂತ್ರಾಂಶ ನಿರ್ಧರಿಸುತ್ತದೆ. ತಯಾರಕರು ಇದನ್ನು ಫರ್ಮ್‌ವೇರ್ ಎನ್ನುತ್ತಾರೆ. ಮರದ ವೀಣೆ ಕೆಟ್ಟರೆ ಕುಶಲಕರ್ಮಿಯ ಮುಂದೆ ಕೂತು ಸರಿಮಾಡಿಸಿಕೊಳ್ಳಬಹುದು. ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಟು ಊರೂರಿಗೆ ಹಂಚಿಹೋದ ಪೆಟ್ಟಿಗೆಗಳ ನಡವಳಿಕೆಯನ್ನು ತಿದ್ದಲು ಬೇರೆ ವ್ಯವಸ್ಥೆ ಬೇಕಾಗುತ್ತದೆ. ನುಡಿಸುವವರ ಮಾತು ತಯಾರಕರಿಗೆ ಮುಟ್ಟಬೇಕು, ತಯಾರಕರ ತಿದ್ದುಪಡಿ ಆಗಲೇ ಮಾರಾಟವಾದ ವಾದ್ಯಕ್ಕೆ ಮುಟ್ಟಬೇಕು. ಕಳೆದ ನಾಲ್ಕೂವರೆ ದಶಕಗಳಲ್ಲಿ ಈ ಎರಡೂ ದಾರಿಗಳು ಬಹಳ ಬದಲಾಗಿವೆ.

ಬೆಂಗಳೂರಿನಲ್ಲಿ ಹುಟ್ಟಿದ ತಂಬೂರಿ

ಕರ್ನಾಟಕದಲ್ಲಿ ಈ ಕತೆ ಶುರುವಾಗುವುದು ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರಿಂದ. ವೃತ್ತಿಯಿಂದ ಎಂಜಿನಿಯರ್, ಜೊತೆಗೆ ಕರ್ನಾಟಕ ಸಂಗೀತದ ಕೊಳಲುವಾದಕ. ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ 1979ರಲ್ಲಿ ಚೆನ್ನೈನ ಮ್ಯೂಸಿಕ್ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಪ್ರದರ್ಶನಗೊಂಡಿತು. ಅವರ ರಾಡೆಲ್ ಸಂಸ್ಥೆ ಮುಂದೆ ಸಾರಂಗ್ ಹೆಸರಿನ ತಂಬೂರಿಗಳು, ತಾಳಮಾಲಾ ಎಂಬ ತಾಳದ ಪೆಟ್ಟಿಗೆ, ತಬಲಾಕ್ಕೆ ಜೊತೆಯಾಗುವ ಲೆಹರಾ ನುಡಿಸುವ ಸುನಾದಮಾಲಾ, ಎಲೆಕ್ಟ್ರಾನಿಕ್ ವೀಣೆ ಹೀಗೆ ಒಂದಾದಮೇಲೊಂದು ವಾದ್ಯಗಳನ್ನು ತಂದಿತು.

ಕಟ್ಟುವವರೇ ನುಡಿಸುವವರೂ ಆಗಿದ್ದರೆ ಮೊದಲ ವಿಮರ್ಶೆ ಕಾರ್ಯಾಗಾರದೊಳಗೇ ನಡೆಯುತ್ತದೆ. ತಂಬೂರಿಯ ನಾಲ್ಕು ತಂತಿಗಳನ್ನು ಪ, ಸ, ಸ, ಸ ಎಂದು ಸರದಿಯಲ್ಲಿ ಮೀಟುತ್ತಾರೆ. ಮೊದಲ ತಂತಿಯನ್ನು ರಾಗಕ್ಕೆ ತಕ್ಕಂತೆ ಮಧ್ಯಮಕ್ಕೋ ನಿಷಾದಕ್ಕೋ ಕೂಡಿಸುವುದೂ ಉಂಟು. ಕುದುರೆಯ ಮೇಲೆ ತಂತಿಯಡಿ ಇಡುವ ಸಣ್ಣ ನೂಲಿನ ಎಳೆ, ಅಂದರೆ ಜೀವಾಳ, ನಾದಕ್ಕೆ ಝೇಂಕಾರ ಕೊಡುತ್ತದೆ. ಒಂದು ಮೀಟು ಪೂರ್ತಿ ಅಡಗುವ ಮೊದಲೇ ಇನ್ನೊಂದು ಅದರ ಮೇಲೆ ಬಂದು ಕೂರುತ್ತದೆ. ಇದರಲ್ಲಿ ಯಾವುದನ್ನು ಉಳಿಸಿಕೊಂಡರೆ ಪೆಟ್ಟಿಗೆಯ ಸದ್ದು ಹಾಡುಗಾರರಿಗೆ ತಂಬೂರಿಯಾಗಿ ಕೇಳಿಸುತ್ತದೆ, ಯಾವುದನ್ನು ಬಿಟ್ಟರೂ ನಡೆದೀತು ಎಂಬುದನ್ನು ತೀರ್ಮಾನಿಸಲು ಸಂಗೀತದಲ್ಲಿ ಪಳಗಿದ ಕಿವಿ ಬೇಕು.

ಚಿಪ್ಪು ಕಿತ್ತು ಚಿಪ್ಪು ಕೂಡಿಸುತ್ತಿದ್ದ ಕಾಲ

ಮೊದಲ ಪೀಳಿಗೆಯ ಅನಲಾಗ್ ವಾದ್ಯಗಳಲ್ಲಿ ತಿದ್ದುಪಡಿ ಎಂದರೆ ಬೆಸುಗೆ ಕೆಲಸ. ಸ್ವರ ಹುಟ್ಟಿಸುವ ಬಿಡಿಭಾಗಗಳು ಬಿಸಿಗೂ ಥಂಡಿಗೂ ಸ್ಪಂದಿಸುವುದರಿಂದ, ಇಂಥ ವಿದ್ಯುನ್ಮಂಡಲಗಳಲ್ಲಿ ಶ್ರುತಿ ಮೆಲ್ಲನೆ ಜಾರುವ ಗುಣ ಇರುತ್ತದೆ. ಅದಕ್ಕೆ ಪರಿಹಾರ ಬಿಡಿಭಾಗ ಬದಲಿಸುವುದು, ಇಲ್ಲವೇ ಮುಂದಿನ ಮಾದರಿಯಲ್ಲಿ ಮಂಡಲವನ್ನೇ ಹೊಸದಾಗಿ ರೂಪಿಸುವುದು. ಕ್ವಾರ್ಟ್ಸ್ ಹರಳಿನಿಂದ ನಡೆಯುವ ಡಿಜಿಟಲ್ ಮಂಡಲಗಳು ಬಂದ ಮೇಲೆ ಜಾರುವ ಕಾಟ ತಗ್ಗಿತು.

ಅನಂತರ ಬಂದದ್ದು ನೆನಪಿನ ಚಿಪ್ಪುಗಳ ಕಾಲ. ಈಪ್ರಾಮ್ ಎಂಬ ಚಿಪ್ಪಿನ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಂಡಿ. ಅದರ ಮೂಲಕ ನೇರಳಾತೀತ ಬೆಳಕು ಹಾಯಿಸಿದರೆ ಹಳೆಯ ಬರಹ ಅಳಿದು ಹೊಸದನ್ನು ಬರೆಯಬಹುದು. ತಂತ್ರಾಂಶದಲ್ಲಿ ದೋಷ ಕಂಡರೆ ಪೆಟ್ಟಿಗೆಯನ್ನು ಕಾರ್ಖಾನೆಗೋ ಅಧಿಕೃತ ರಿಪೇರಿಯವರಿಗೋ ಕಳಿಸಬೇಕು, ಅವರು ಹಳೆಯ ಚಿಪ್ಪು ಕಿತ್ತು ಹೊಸದನ್ನು ಕೂಡಿಸಬೇಕು. ಹೀಗಾಗಿ ಬಹುತೇಕ ಬಳಕೆದಾರರು ಕೊಂಡಾಗ ಇದ್ದ ಆವೃತ್ತಿಯಲ್ಲೇ ವಾದ್ಯದ ಆಯಸ್ಸು ಮುಗಿಸುತ್ತಿದ್ದರು.

ಜಾಗದ ಅಭಾವವೂ ದೊಡ್ಡದಿತ್ತು. ಸಿ.ಡಿ. ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಏಕವಾಹಿನಿ ಧ್ವನಿಗೆ 88,200 ಬೈಟ್ ಬೇಕು. ಆ ಕಾಲದಲ್ಲಿ ಸಾಮಾನ್ಯವಾಗಿದ್ದ 32 ಕಿಲೋಬೈಟಿನ ಚಿಪ್ಪಿನಲ್ಲಿ ಆ ಗುಣಮಟ್ಟದ ಧ್ವನಿ ಅರ್ಧ ಸೆಕೆಂಡಿಗೂ ಸಾಲದು. ಐದು ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸುವ ತಂಬೂರಿಯ ನಿಜವಾದ ಧ್ವನಿಮುದ್ರಣಕ್ಕೆ ಸುಮಾರು 4.4 ಲಕ್ಷ ಬೈಟ್ ಬೇಕಾಗುತ್ತದೆ. ನಾದ ಯಂತ್ರದ ಹಾಗಿದೆ ಎಂಬ ದೂರಿಗೆ ಪೂರ್ಣ ಉತ್ತರ ಸಿಕ್ಕಿದ್ದು ನೆನಪಿನ ಚಿಪ್ಪುಗಳು ಅಗ್ಗವಾಗಿ, ನಿಜ ವಾದ್ಯದ ಮುದ್ರಣವನ್ನೇ ಪೆಟ್ಟಿಗೆಯೊಳಗೆ ಇಡಲು ಸಾಧ್ಯವಾದ ಮೇಲೆ.

ಚಿಪ್ಪು ಕಿತ್ತು ಕೂಡಿಸುತ್ತಿದ್ದ ಆ ಕಾಲದಲ್ಲೇ ಹೊರಜಗತ್ತಿನಲ್ಲೂ ದೊಡ್ಡ ಬದಲಾವಣೆಯಾಯಿತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದರೊಡನೊಂದು ಸಂಕೇತ ಹಂಚಿಕೊಳ್ಳುವ ಮಿಡಿ ಎಂಬ ಒಡಂಬಡಿಕೆ 1983ರಲ್ಲಿ ಜಾರಿಗೆ ಬಂತು. ಅದೇ ವರ್ಷ ಬಂದ ಯಮಹಾ ಡಿಎಕ್ಸ್7 ಕೀಬೋರ್ಡಿನ ನಾದಗಳನ್ನು ಮಿಡಿ ತಂತಿಯ ಮೂಲಕ ಒಂದು ವಾದ್ಯದಿಂದ ಇನ್ನೊಂದಕ್ಕೆ ಸಾಗಿಸಬಹುದಿತ್ತು. ಮಾರಾಟವಾದ ವಾದ್ಯದೊಳಕ್ಕೆ ಚಿಪ್ಪು ಬಿಚ್ಚದೆಯೇ ಹೊಸ ಸಂಗತಿ ಸೇರಿಸುವುದು ಹೀಗೆ ರೂಢಿಗೆ ಬಂತು.

ಕಿವಿಯ ದೂರು, ಅಂಕಿಯ ಉತ್ತರ

ಸಂಗೀತಗಾರರ ದೂರು ಅನುಭವದ ಮಾತಿನಲ್ಲಿ ಬರುತ್ತದೆ. ಎಂಜಿನಿಯರಿಗೆ ಬೇಕಾದದ್ದು ಅಳತೆ. ಒಂದನ್ನು ಇನ್ನೊಂದಕ್ಕೆ ಇಳಿಸುವುದೇ ತಯಾರಕರ ಕಷ್ಟದ ಕೆಲಸ.

ಪಂಚಮ ಕೂಡುತ್ತಿಲ್ಲ ಎಂಬ ದೂರನ್ನು ನೋಡಬಹುದು. ಕೀಬೋರ್ಡಿನ ಪದ್ಧತಿಯಲ್ಲಿ ಸ್ಥಾಯಿಯನ್ನು 1,200 ಸೆಂಟ್‌ಗಳಾಗಿ ಎಣಿಸಿ, ಹನ್ನೆರಡು ಸ್ವರಸ್ಥಾನಗಳಿಗೆ ತಲಾ 100ರಂತೆ ಸಮನಾಗಿ ಹಂಚುತ್ತಾರೆ. ಅಲ್ಲಿ ಪಂಚಮ 700 ಸೆಂಟ್. ತಂಬೂರಿಯಲ್ಲಿ ಷಡ್ಜ ಪಂಚಮಗಳ ಅನುಪಾತ 2:3, ಅಂದರೆ ಸುಮಾರು 702 ಸೆಂಟ್. ಎರಡು ಸೆಂಟಿನ ಈ ಅಂತರ ಒಂಟಿ ಸ್ವರದಲ್ಲಿ ಗೊತ್ತಾಗುವುದು ಕಷ್ಟ. ಎರಡು ತಂತಿ ಒಟ್ಟಿಗೆ ಮೊಳಗಿದಾಗ ಮಾತ್ರ ಅದು ಮೇಲಕ್ಕೆ ಬರುತ್ತದೆ. ಒಂದು ಮನೆ ಶ್ರುತಿಯಲ್ಲಿ ಷಡ್ಜ ಸೆಕೆಂಡಿಗೆ ಸುಮಾರು 130.8 ಕಂಪನ ಎಂದಿಟ್ಟುಕೊಂಡರೆ, ಕೀಬೋರ್ಡಿನ ಪಂಚಮ ಅದರೊಡನೆ ಸೇರಿದಾಗ ಸುಮಾರು ಎರಡು ಸೆಕೆಂಡಿಗೊಮ್ಮೆ ಎದ್ದು ಬೀಳುವ ಮೆಲ್ಲನೆಯ ಅಲೆ ಹುಟ್ಟುತ್ತದೆ. ಹಾಡುಗಾರರು ಗುರುತಿಸುವುದು ಆ ಅಲೆಯನ್ನು. ಗಾಂಧಾರದಲ್ಲಿ ಅಂತರ ಇನ್ನೂ ದೊಡ್ಡದು: ಷಡ್ಜದ ತಂತಿಯ ಒಳನಾದದಲ್ಲಿ ತಾನಾಗಿ ಕೇಳಿಬರುವ ಅಂತರ ಗಾಂಧಾರ 386 ಸೆಂಟ್, ಕೀಬೋರ್ಡಿನದು 400. ಭಾರತೀಯ ಸಂಗೀತಕ್ಕೆ ಒಗ್ಗುವ ವಾದ್ಯದ ತಂತ್ರಾಂಶ ಈ ಅನುಪಾತಗಳನ್ನು ಪಾಲಿಸಬೇಕು, ಇಲ್ಲವೇ ಪ್ರತಿ ಸ್ವರಸ್ಥಾನವನ್ನೂ ಬೇರೆಬೇರೆಯಾಗಿ ತಿದ್ದಿಕೊಳ್ಳಲು ನುಡಿಸುವವರಿಗೆ ಬಿಡಬೇಕು.

ಶ್ರುತಿಯ ಗುರುತಿನಲ್ಲೂ ಕರ್ನಾಟಕದೊಳಗೆ ಎರಡು ರೂಢಿಗಳಿವೆ. ಮೈಸೂರಿನ ಕಡೆ ಒಂದೂವರೆ ಮನೆ ಎನ್ನುವ ಶ್ರುತಿಯೇ ಧಾರವಾಡದ ಹಿಂದೂಸ್ತಾನಿ ಗಾಯಕರಿಗೆ ಕಾಳಿ ಒಂದು. ಒಂದೇ ಪೆಟ್ಟಿಗೆಯನ್ನು ಎರಡೂ ಕಡೆ ಮಾರಬೇಕಾದವರು ಪರದೆಯ ಮೇಲೆ ಎರಡನ್ನೂ ತೋರಿಸಬೇಕು, ಇಲ್ಲವೇ ಎಲ್ಲರೂ ಬಲ್ಲ ಇಂಗ್ಲಿಷ್ ಸ್ವರಾಕ್ಷರಗಳನ್ನು ನಂಬಬೇಕು.

ತಾಳದ ಪೆಟ್ಟಿಗೆಯ ಕನಿಷ್ಠ ವೇಗ ಇನ್ನೊಂದು ಉದಾಹರಣೆ. ಪಾಶ್ಚಾತ್ಯ ರಿದಂ ಯಂತ್ರಗಳಲ್ಲಿ ನಿಮಿಷಕ್ಕೆ 40 ಪೆಟ್ಟು ಎಂದರೆ ಸಾಕಷ್ಟು ನಿಧಾನ. ಆ ವೇಗದಲ್ಲಿ ಹನ್ನೆರಡು ಮಾತ್ರೆಯ ಏಕತಾಳ 18 ಸೆಕೆಂಡಿಗೆ ಮುಗಿಯುತ್ತದೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರ ಕಿರಾಣಾ ಘರಾಣೆಯ ವಿಲಂಬಿತ ಬಡಾ ಖಯಾಲಿಗೆ ಇದಕ್ಕಿಂತ ಬಹಳ ನಿಧಾನದ ನಡೆ ಬೇಕು. ಮಾತ್ರೆಯೊಂದಕ್ಕೆ ಐದು ಸೆಕೆಂಡ್ ಹಿಡಿದರೆ ಆವರ್ತನಕ್ಕೆ ಪೂರ್ತಿ ಒಂದು ನಿಮಿಷ. ಅಷ್ಟು ನಿಧಾನಕ್ಕೆ ಅಂಕಿಯನ್ನು ಇಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎರಡು ಮಾತ್ರೆಗಳ ನಡುವಿನ ಖಾಲಿ ಜಾಗವನ್ನು ತಬಲಾವಾದಕರು ತುಂಬುವಂತೆ ಸಣ್ಣ ಬೋಲುಗಳಿಂದ ತುಂಬುವ ಹೊಸ ಠೇಕಾವನ್ನೇ ತಂತ್ರಾಂಶಕ್ಕೆ ಸೇರಿಸಬೇಕಾಗುತ್ತದೆ.

ಯಕ್ಷಗಾನದ್ದು ಬೇರೆಯೇ ಬೇಡಿಕೆ. ಪುಂಗಿ, ಆಮೇಲೆ ಹಾರ್ಮೋನಿಯಂ ಹಿಡಿದಿದ್ದ ಶ್ರುತಿಯ ಜಾಗಕ್ಕೆ ಕಾಸರಗೋಡಿನವರೆಗಿನ ಕರಾವಳಿಯಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದಿದೆ. ಬಯಲಾಟದಲ್ಲಿ ಅದು ಚೆಂಡೆಯ ಅಬ್ಬರದ ನಡುವೆ ಕೇಳಿಸಬೇಕು, ಇಬ್ಬನಿ ಬೀಳುವ ಹೊತ್ತಿನಲ್ಲೂ ಶ್ರುತಿ ಅಲುಗಬಾರದು, ಕರೆಂಟು ಹೋಗಿ ಬಂದರೆ ಭಾಗವತರು ಇಟ್ಟುಕೊಂಡಿದ್ದ ಶ್ರುತಿ ಅಳಿದುಹೋಗಿರಬಾರದು. ಈ ಕೊನೆಯ ಬೇಡಿಕೆಯನ್ನು ಪೂರೈಸುವುದು ತಂತ್ರಾಂಶ: ಕೊನೆಗೆ ಬಳಸಿದ ಶ್ರುತಿ, ವೇಗ, ಮೊದಲ ತಂತಿಯ ಸ್ವರ ಇವನ್ನು ಅಳಿಯದ ನೆನಪಿನಲ್ಲಿ ಬರೆದಿಡಬೇಕು.

ದೂರು ತಲುಪುವ ದಾರಿ

ಇಂಥ ಮಾತುಗಳು ತಯಾರಕರಿಗೆ ಮುಟ್ಟುವ ಹಳೆಯ ದಾರಿ ಅಂಗಡಿ. ಬೆಂಗಳೂರಿನ ಬಳೇಪೇಟೆಯಂಥ ವಾದ್ಯದಂಗಡಿಗಳ ಬೀದಿಯಲ್ಲಿ ಮಾರುವವರಿಗೆ ಯಾವ ಪೆಟ್ಟಿಗೆ ಯಾಕೆ ವಾಪಸು ಬರುತ್ತದೆ ಎಂಬುದು ತಿಳಿದಿರುತ್ತದೆ. ಎರಡನೆಯದು ರಿಪೇರಿ ಮೇಜು. ಒಂದೇ ಭಾಗ ಮತ್ತೆ ಮತ್ತೆ ಕೆಟ್ಟರೆ ಅದು ವಿನ್ಯಾಸದ ದೋಷ. ಮೂರನೆಯದು ಹೆಸರಾಂತ ಕಲಾವಿದರು: ಮಾರುಕಟ್ಟೆಗೆ ಬಿಡುವ ಮುನ್ನ ಮಾದರಿಯನ್ನು ಅವರ ಕೈಗೆ ಕೊಟ್ಟು ಅಭಿಪ್ರಾಯ ಕೇಳುವ ಪದ್ಧತಿ ಜಗತ್ತಿನಾದ್ಯಂತ ಇದೆ. ಇವಕ್ಕೆ ಈಗ ಇಮೇಲ್, ವಾಟ್ಸ್ಆ್ಯಪ್, ಆ್ಯಪ್ ಅಂಗಡಿಯ ವಿಮರ್ಶೆ ಸೇರಿವೆ.

ಬಂದ ದೂರುಗಳನ್ನು ತಯಾರಕರು ಮೊದಲು ಬೇರ್ಪಡಿಸುತ್ತಾರೆ. ನಿಜವಾದ ದೋಷ ಒಂದು ಬಗೆ, ಬಳಕೆ ತಿಳಿಯದೆ ಆದ ತೊಡಕು ಇನ್ನೊಂದು, ಹೊಸ ಸೌಲಭ್ಯದ ಬೇಡಿಕೆ ಮತ್ತೊಂದು, ಬರೀ ಅಭಿರುಚಿಯ ಮಾತು ಕೊನೆಯದು. ಬಳಕೆ ತಿಳಿಯದ ತೊಡಕು ಹೆಚ್ಚಾದರೆ ಅದೂ ವಿನ್ಯಾಸದ ತಪ್ಪೇ. ಗುಂಡಿಯ ಹೆಸರೋ ಕೈಪಿಡಿಯೋ ಬದಲಾಗಬೇಕು. ನಿಜವಾದ ದೋಷವನ್ನು ತಿದ್ದಬೇಕಾದರೆ ಅದನ್ನು ಕಾರ್ಯಾಗಾರದಲ್ಲಿ ಮತ್ತೆ ಹುಟ್ಟಿಸಿ ನೋಡಬೇಕು. ಆದ್ದರಿಂದ ಮಾದರಿಯ ಹೆಸರು, ತಂತ್ರಾಂಶದ ಆವೃತ್ತಿಯ ಸಂಖ್ಯೆ, ಏನು ಮಾಡಿದಾಗ ಏನಾಯಿತು ಎಂಬ ಕ್ರಮ ಇರುವ ದೂರು ಬೇಗ ಬಗೆಹರಿಯುತ್ತದೆ. ಅಭಿರುಚಿಯ ಮಾತುಗಳು ಒಂದಕ್ಕೊಂದು ಎದುರಾಗಿರುತ್ತವೆ. ಝೇಂಕಾರ ಹೆಚ್ಚು ಬೇಕೆನ್ನುವವರೂ ಕಡಿಮೆ ಬೇಕೆನ್ನುವವರೂ ಇರುವಾಗ, ಅದನ್ನು ಹೊಂದಿಸಿಕೊಳ್ಳುವ ತಿರುಗಣೆ ಕೊಡುವುದೇ ಜಾಣತನ.

ಅಪ್‌ಡೇಟ್ ನಡೆಯುವ ಬಗೆ

ಈಗಿನ ವಾದ್ಯಗಳಲ್ಲಿ ವಿದ್ಯುತ್ತಿನಿಂದಲೇ ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಚಿಪ್ಪು ಇರುತ್ತದೆ. ತಯಾರಕರು ಹೊಸ ತಂತ್ರಾಂಶದ ಕಡತವನ್ನು ತಮ್ಮ ತಾಣದಲ್ಲಿಡುತ್ತಾರೆ. ಬಳಕೆದಾರರು ಅದನ್ನು ಪೆನ್‌ಡ್ರೈವಿಗೆ ಹಾಕಿ, ನಿಗದಿಯಾದ ಗುಂಡಿ ಒತ್ತಿಹಿಡಿದು ವಾದ್ಯವನ್ನು ಆನ್ ಮಾಡುತ್ತಾರೆ. ಒಳಗಿರುವ ಸಣ್ಣ ಆರಂಭಿಕ ಕಾರ್ಯಕ್ರಮ ಕಡತ ಸರಿಯಿದೆಯೇ ಎಂದು ಲೆಕ್ಕ ಹಾಕಿ ನೋಡಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸಿಯೋ ಮೊಬೈಲ್ ಮೂಲಕವೋ ಇದೇ ಕೆಲಸ ನಡೆಯುವ ವಾದ್ಯಗಳೂ ಇವೆ.

ಬರೆಯುವ ನಡುವೆ ಕರೆಂಟು ಹೋಗುವುದೇ ಇದರಲ್ಲಿ ದೊಡ್ಡ ಅಪಾಯ. ಅರ್ಧ ಹಳೆಯದು ಅರ್ಧ ಹೊಸದು ಉಳಿದ ವಾದ್ಯ ಆನ್ ಆಗದೆಯೇ ಹೋಗಬಹುದು. ಎಚ್ಚರದ ತಯಾರಕರು ಆರಂಭಿಕ ಕಾರ್ಯಕ್ರಮವನ್ನು ಯಾವತ್ತೂ ಅಳಿಯದ ಜಾಗದಲ್ಲಿಡುತ್ತಾರೆ. ಹೊಸ ಆವೃತ್ತಿಯನ್ನು ಪಕ್ಕದ ಖಾಲಿ ಜಾಗದಲ್ಲಿ ಪೂರ್ತಿ ಬರೆದು, ಪರೀಕ್ಷಿಸಿ, ಆಮೇಲೆ ಅದಕ್ಕೆ ಹೊರಳುವ ಏರ್ಪಾಡೂ ಉಂಟು. ವಾದ್ಯದಲ್ಲಿ ಉಳಿಸಿಕೊಂಡ ಸ್ವಂತ ನಾದ, ತಾಳ, ಹೊಂದಿಕೆಗಳನ್ನು ಮೊದಲೇ ಬೇರೆಡೆ ನಕಲು ಮಾಡಿಕೊಳ್ಳಬೇಕು, ಕಛೇರಿಯ ದಿನ ಅಪ್‌ಡೇಟ್ ಮಾಡಬಾರದು ಎಂಬುದು ವೃತ್ತಿಯ ಕಲಾವಿದರು ಪಾಲಿಸುವ ಶಿಸ್ತು.

ಆವೃತ್ತಿಯ ಸಂಖ್ಯೆಗೂ ಅರ್ಥವಿದೆ. 1.01ರಿಂದ 1.02ಕ್ಕೆ ಹೋದರೆ ಸಾಮಾನ್ಯವಾಗಿ ದೋಷ ತಿದ್ದಿದ್ದಾರೆ ಎಂದರ್ಥ, 2.00 ಆದರೆ ಹೊಸ ಸೌಲಭ್ಯಗಳು ಬಂದಿವೆ. ಬ್ರಿಟನ್ನಿನ ನೊವೇಷನ್ ಕಂಪನಿಯ ಸರ್ಕಿಟ್ ವಾದ್ಯಕ್ಕೆ, ಅದು ಮಾರುಕಟ್ಟೆಗೆ ಬಂದ ಮರುವರ್ಷ, ಬಳಕೆದಾರರು ತಮ್ಮದೇ ಧ್ವನಿಗಳನ್ನು ತುಂಬಿಕೊಳ್ಳುವ ಸೌಲಭ್ಯ ಉಚಿತ ಅಪ್‌ಡೇಟಿನಲ್ಲಿ ದೊರಕಿತು. ಇದರ ಇನ್ನೊಂದು ಮುಖವೂ ಇದೆ. ಸೌಲಭ್ಯ ಮುಂದೆ ಬರುತ್ತದೆ ಎಂದು ಹೇಳಿ ವಾದ್ಯವನ್ನು ಮೊದಲೇ ಮಾರುವುದು ಸುಲಭ. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿ 2017ರಲ್ಲಿ ಡಿಜಿಟಾಕ್ಟ್ ತಂದಾಗ, ಅದನ್ನು ಕಂಪ್ಯೂಟರಿನೊಡನೆ ಬೆಸೆಯುವ ತಂತ್ರಾಂಶ ಸಾರ್ವಜನಿಕ ಪರೀಕ್ಷೆಗೆ ಸಿಗಲು ಕೊಂಡವರು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಹಳೆಯ ಕೈರೂಢಿ ಉಳಿಸುವುದು

ವಾದ್ಯದ ಅಪ್‌ಡೇಟ್ ಮೊಬೈಲಿನ ಅಪ್‌ಡೇಟಿಗಿಂತ ನಾಜೂಕು. ಕಲಾವಿದರ ಬೆರಳು ವರ್ಷಗಟ್ಟಲೆ ಅದಕ್ಕೆ ಒಗ್ಗಿರುತ್ತದೆ. ಗುಂಡಿಯ ಕೆಲಸ ಬದಲಾದರೆ, ಪ್ಯಾಡಿನ ಸ್ಪಂದನ ತುಸು ತಡವಾದರೆ, ಪರಿಚಿತ ನಾದವೊಂದು ಕಾಣೆಯಾದರೆ ವೇದಿಕೆಯಲ್ಲಿ ಎಡವಟ್ಟಾಗುತ್ತದೆ. ಪೆಟ್ಟಿಗೂ ಸದ್ದಿಗೂ ನಡುವೆ 10 ಮಿಲಿಸೆಕೆಂಡ್ ತಡವಾಗುವುದೆಂದರೆ ಸ್ಪೀಕರ್ ಮೂರೂವರೆ ಮೀಟರ್ ದೂರ ಸರಿದಂತೆ. ಅದಕ್ಕಿಂತ ಹೆಚ್ಚಾದರೆ ತಾಳವಾದಕರ ಕೈಗೆ ಅದು ಗೊತ್ತಾಗತೊಡಗುತ್ತದೆ. ಹೀಗಾಗಿ ಒಂದು ದೋಷ ತಿದ್ದಿದ ಮೇಲೆ ಉಳಿದೆಲ್ಲವೂ ಮೊದಲಿನಂತೆಯೇ ನಡೆಯುತ್ತಿದೆಯೇ ಎಂಬ ಪರೀಕ್ಷೆಗೆ ತಿದ್ದುಪಡಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಹಳೆಯದರ ಬಲ ಎಷ್ಟೆಂಬುದಕ್ಕೆ ರೋಲೆಂಡ್ ಕಂಪನಿಯ ಆಕ್ಟಾಪ್ಯಾಡ್ ಸಾಕ್ಷಿ. 1998ರಲ್ಲಿ ಬಂದ ಎಸ್‌ಪಿಡಿ-20 ಮಾದರಿಯಲ್ಲಿ 700 ನಾದಗಳಿದ್ದವು. ಭಾರತದ ವಾದ್ಯಗೋಷ್ಠಿಗಳು ಅದನ್ನು ಎಷ್ಟು ಮೆಚ್ಚಿದವೆಂದರೆ ಹೊಸ ಮಾದರಿಗಳು ಬಂದ ಮೇಲೂ ಅದರ ಬೇಡಿಕೆ ಕುಗ್ಗಲಿಲ್ಲ. ಕೊನೆಗೆ ಕಂಪನಿ ಆ ನಾದಗಳನ್ನು ಉಳಿಸಿಕೊಂಡೇ ಎಸ್‌ಪಿಡಿ-20 ಪ್ರೊ ಎಂಬ ಮಾದರಿ ತಂದಿತು. ಯಮಹಾ ಕೂಡ ಭಾರತಕ್ಕೆಂದೇ ಪಿಎಸ್‌ಆರ್-ಐ ಸರಣಿಯ ಕೀಬೋರ್ಡುಗಳನ್ನು ರೂಪಿಸಿದೆ. ಅದರ ಐ500 ಮಾದರಿಯಲ್ಲಿ ತಬಲಾ, ತಂಬೂರಿ ಜೊತೆಗಿಟ್ಟುಕೊಂಡು ಅಭ್ಯಾಸ ಮಾಡುವ ರಿಯಾಜ್ ಸೌಲಭ್ಯವಿದೆ.

ಪಾಲಾರ್ ಸೀಮೆಯ ನಾದಗಳು

ದೊಡ್ಡ ಕಂಪನಿಗಳು ಕೇಳಿಸಿಕೊಳ್ಳುವುದು ದೊಡ್ಡ ಮಾರುಕಟ್ಟೆಯನ್ನು. ಅವುಗಳ ನಾದಭಂಡಾರಕ್ಕೆ ತಬಲಾ, ಢೋಲಕ್ ಮೊದಲು ಬಂದದ್ದು ಸಹಜ. ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಹಿಡಿದು ಮಾದಪ್ಪನ ಬೆಟ್ಟದಾಚೆ ತಮಿಳುನಾಡಿನ ಗಡಿಯಂಚಿನ ಪಾಲಾರ್‌ವರೆಗಿನ ಸೀಮೆಯಲ್ಲಿ ಹಾಡಿಕೆಯ ಪರಂಪರೆ ದೊಡ್ಡದು, ವಾದ್ಯ ಕೊಳ್ಳುವವರ ಸಂಖ್ಯೆ ಚಿಕ್ಕದು. ಮಲೆ ಮಾದೇಶ್ವರನ ಕಾವ್ಯ ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ, ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕತೆ ಹಾಡುವ ನೀಲಗಾರರ ಬಳಿ ತಂಬೂರಿ, ಡಕ್ಕೆ, ಗಗ್ಗರ. ಇಲ್ಲಿ ತಂಬೂರಿಯನ್ನು ಕೂಡಿಸುವುದು ಹಾಡುವವರ ಕಂಠಕ್ಕೆ. ಮನೆಯ ಲೆಕ್ಕ ಯಾರೂ ಕೇಳುವುದಿಲ್ಲ.

ಇಂಥ ನಾದವನ್ನು ಪೆಟ್ಟಿಗೆಗೆ ಇಳಿಸುವುದು ಎಷ್ಟು ಸೂಕ್ಷ್ಮ ಎಂಬುದಕ್ಕೆ ಕಂಸಾಳೆಯೇ ಉದಾಹರಣೆ. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ಬಿಲ್ಲೆ. ಕೂತು ಹಾಡುವಾಗಿನ ಮೆಲುಪೆಟ್ಟು ಬೇರೆ, ಬೀಸು ಕಂಸಾಳೆಯಲ್ಲಿ ಕುಣಿಯುತ್ತ, ಬೀಸುತ್ತ ಕೊಡುವ ಪೆಟ್ಟು ಬೇರೆ. ಒಂದೇ ಮುದ್ರಣವನ್ನು ಮತ್ತೆ ಮತ್ತೆ ನುಡಿಸಿದರೆ ಕಿವಿ ಅದನ್ನು ಯಂತ್ರವೆಂದು ತಕ್ಷಣ ಹಿಡಿಯುತ್ತದೆ. ಮೆಲ್ಲಗಿನಿಂದ ಜೋರಿನವರೆಗೆ ಹಲವು ಬಲದ ಪೆಟ್ಟುಗಳನ್ನು, ಪ್ರತಿ ಬಲದಲ್ಲೂ ಮೂರು ನಾಲ್ಕು ಬೇರೆ ಬೇರೆ ಪೆಟ್ಟುಗಳನ್ನು ಮುದ್ರಿಸಿ, ಅಂಗೈ ತಾಗಿಸಿ ನಾದ ನಿಲ್ಲಿಸಿದ್ದನ್ನು ಪ್ರತ್ಯೇಕವಾಗಿ ಹಿಡಿದು, ಪ್ಯಾಡಿನ ಮೇಲಿನ ಹೊಡೆತಕ್ಕೆ ತಕ್ಕದ್ದನ್ನು ತಂತ್ರಾಂಶ ಆರಿಸುವಂತೆ ಮಾಡಬೇಕು.

ಈ ಕೆಲಸಕ್ಕೆ ಕಂಪನಿಯನ್ನೇ ಕಾಯಬೇಕಿಲ್ಲ. ರೋಲೆಂಡ್ ಎಸ್‌ಪಿಡಿ-ಎಸ್‌ಎಕ್ಸ್‌ನಂಥ ಪ್ಯಾಡುಗಳಲ್ಲಿ ಬಳಕೆದಾರರು ತಾವೇ ಮುದ್ರಿಸಿದ ಧ್ವನಿಗಳನ್ನು ತುಂಬಬಹುದು, ಅಗ್ಗದ ಎಕ್ಸ್‌ಪಿಎಸ್-10 ಕೀಬೋರ್ಡಿಗೂ ಪೆನ್‌ಡ್ರೈವಿನಿಂದ ಧ್ವನಿ ತುಂಬಬಹುದು. ಹಾಗೆ ತುಂಬುವವರು ಕಲಾವಿದರ ಒಪ್ಪಿಗೆ ಪಡೆದು, ಅವರ ಮೇಳದ ಹೆಸರನ್ನು ನಾದದ ಜೊತೆ ಉಳಿಸುವುದು ನ್ಯಾಯ. ಅಪ್‌ಡೇಟಿನ ದಾರಿಯೂ ಇಲ್ಲಿಗೆ ಒಗ್ಗಬೇಕು: ಕಾಡಿನ ನಡುವಿನ ಊರುಗಳಲ್ಲಿ ಸದಾ ಅಂತರ್ಜಾಲ ಬೇಡುವ ವಾದ್ಯಕ್ಕಿಂತ ಪೆನ್‌ಡ್ರೈವಿನಿಂದ ತಿದ್ದಿಕೊಳ್ಳಬಹುದಾದ ವಾದ್ಯ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ್ಯಪ್‌ಗಳು ಮತ್ತು ವಾದ್ಯದ ಆಯಸ್ಸು

ಐತಬ್ಲಾ ಪ್ರೊ ಮುಂತಾದ ಆ್ಯಪ್‌ಗಳು ಬಂದಮೇಲೆ ತಂಬೂರಿ, ತಬಲಾ ಎರಡೂ ಮೊಬೈಲಿಗೆ ಇಳಿದವು. ಆ್ಯಪಿನ ದೋಷ ತಿದ್ದಿದರೆ ಕೆಲವೇ ದಿನಗಳಲ್ಲಿ ಅದು ಬೆಂಗಳೂರಿನ ವಿದ್ಯಾರ್ಥಿಗೂ ಅಮೆರಿಕದಲ್ಲಿ ಹಾಡು ಕಲಿಯುವ ಕನ್ನಡದ ಮಗುವಿಗೂ ತಲುಪುತ್ತದೆ. ಅದರ ತೊಡಕು ಬೇರೆ ಬಗೆಯದು. ಫೋನಿನ ಕಾರ್ಯಾಚರಣ ವ್ಯವಸ್ಥೆ ಬದಲಾದಾಗಲೆಲ್ಲ ಆ್ಯಪನ್ನು ತಿದ್ದಬೇಕು, ಹಾಡುವ ನಡುವೆ ಕರೆ ಬಂದರೆ ಶ್ರುತಿ ನಿಲ್ಲಬಹುದು. ಒಂದೇ ಕೆಲಸಕ್ಕೆ ಮೀಸಲಾದ ಪೆಟ್ಟಿಗೆಗೆ ವೇದಿಕೆಯಲ್ಲಿ ಇನ್ನೂ ಜಾಗವಿರುವುದು ಇದರಿಂದಲೇ.

ಪ್ರತಿ ವಾದ್ಯಕ್ಕೂ ಅಪ್‌ಡೇಟ್ ನಿಲ್ಲುವ ದಿನ ಬರುತ್ತದೆ. ಹಳೆಯ ಚಿಪ್ಪಿನಲ್ಲಿ ಜಾಗ ಮುಗಿಯುತ್ತದೆ, ಇಲ್ಲವೇ ಕಂಪನಿಯ ಗಮನ ಹೊಸ ಮಾದರಿಯತ್ತ ಹೊರಳುತ್ತದೆ. ಕೊನೆಯ ಆವೃತ್ತಿಯ ಕಡತ, ಕೈಪಿಡಿ, ಬಿಡಿಭಾಗಗಳು ಆಮೇಲೂ ಸಿಗುವಂತಿದ್ದರೆ ವಾದ್ಯ ಇನ್ನೂ ಅನೇಕ ವರ್ಷ ದುಡಿಯುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಆರಂಭಿಸಿದ ರಿಪೇರಿ ಹಕ್ಕಿನ ತಾಣವು ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನ, ಗೃಹೋಪಯೋಗಿ ವಸ್ತು, ವಾಹನ, ಕೃಷಿ ಯಂತ್ರಗಳ ತಯಾರಕರು ರಿಪೇರಿ ಮಾಹಿತಿಯನ್ನು ಗ್ರಾಹಕರಿಗೆ ಕೊಡುವಂತೆ ಪ್ರೋತ್ಸಾಹಿಸುತ್ತದೆ. ವಾದ್ಯ ಕೊಳ್ಳುವವರು ನಾದದ ಸೊಗಸಿನ ಜೊತೆ ಇನ್ನೂ ನಾಲ್ಕು ಸಂಗತಿ ವಿಚಾರಿಸುವುದು ಒಳ್ಳೆಯದು: ತಂತ್ರಾಂಶವನ್ನು ಮನೆಯಲ್ಲೇ ಬದಲಿಸಬಹುದೇ, ಹಳೆಯ ಆವೃತ್ತಿಗೆ ಮರಳಬಹುದೇ, ಸ್ವಂತ ಧ್ವನಿ ಮತ್ತು ಹೊಂದಿಕೆಗಳನ್ನು ನಕಲು ಮಾಡಿಟ್ಟುಕೊಳ್ಳಬಹುದೇ, ಹತ್ತಿರದ ರಿಪೇರಿ ಕೇಂದ್ರ ಎಲ್ಲಿದೆ.